ತಕ್ಕಡಿ ಸಾಹೇಬರ ಫೈರ್‌ವಾಲ್

ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಬರುವ ತರಕಾರಿ ಗಾಡಿಯವರು ತಕ್ಕಡಿ ಎತ್ತುವ ಮೊದಲು ಒಮ್ಮೆ ಎರಡನೇ ಮಹಡಿಯ ಬಾಲ್ಕನಿ ನೋಡಿಕೊಳ್ಳುತ್ತಿದ್ದರು. ಅಲ್ಲಿ ಬಿಳಿ ಅಂಗಿ ಕಂಡಿತೋ, ತಟ್ಟೆಗೆ ಇನ್ನೊಂದು ಟೊಮೇಟೊ ಬೀಳುತ್ತಿತ್ತು. ಆ ಬಿಳಿ ಅಂಗಿಯವರು ತೂಕ ಅಳತೆಗಳ ಇನ್‌ಸ್ಪೆಕ್ಟರಾಗಿ ರಿಟೈರ್ ಆದವರು. ಅಂಗಡಿ ಅಂಗಡಿ ಸುತ್ತಿ ತಕ್ಕಡಿಗಳಿಗೆ ಸರ್ಕಾರಿ ಮುದ್ರೆ ಹೊಡೆಯುವುದರಲ್ಲೇ ಆಯುಷ್ಯ ಕಳೆದಿದ್ದರು. ಮಿಯಾಪುರದ ನಮ್ಮ ನಾಲ್ಕು ಬ್ಲಾಕಿನವರೆಲ್ಲ ಅವರನ್ನು ಕಾಂಟಾ ಸಾಬ್ ಎನ್ನುತ್ತಿದ್ದರು. ಕಾಂಟಾ ಅಂದರೆ ತಕ್ಕಡಿ, ಹಾಗಾಗಿ ನನಗೆ ಅವರು ತಕ್ಕಡಿ ಸಾಹೇಬರು.

ಹೋದ ತಿಂಗಳು ಅವರು ಬೀದರಿನಲ್ಲಿ ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಬರೆಯಲು ಹೊರಟಿರುವುದರಲ್ಲಿ ಅರ್ಧ ನನ್ನ ತಪ್ಪು, ಅದಕ್ಕೆ ಅವರ ಹೆಸರು ಯಾಕೆ ಅಂಟಿಸಲಿ.

ನಾನು ಮೈಸೂರಿನವಳು, ಕೆಲಸಕ್ಕೆಂದು ಈ ತೆಲುಗರ ಊರಿಗೆ ಬಂದವಳು. ಉಪ್ಪಲ್‌ನ ಒಂದು ಕಂಪನಿಯಲ್ಲಿ ಕಂಪ್ಯೂಟರ್ ಭದ್ರತೆ ನೋಡಿಕೊಳ್ಳುವ ಕೆಲಸ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂದು ಹೇಳಿ ಸಂಬಳ ತಗೊಳ್ಳುತ್ತೇನೆ. ವಾರಕ್ಕೆ ಮೂರು ದಿನ ಮೆಟ್ರೊ ಹತ್ತಿ ಊರಿನ ಈ ತುದಿಯಿಂದ ಆ ತುದಿಗೆ, ಉಳಿದ ದಿನ ಮನೆಯಲ್ಲೇ. ಒಬ್ಬಳೇ ಇರುತ್ತೇನೆ. ಬೆಲ್ ಆದರೆ ಮೊದಲು ಉಸಿರು ಬಿಗಿಹಿಡಿದು, ಬಂದವರು ಹೋಗಲಿ ಎಂದು ಕಾಯುವ ಪೈಕಿ.

ಎದುರು ಮನೆಯ ಸಾಹೇಬರ ಪರಿಚಯವಾದದ್ದೂ ನನ್ನಿಂದಲ್ಲ, ಅಮ್ಮ ಕಳಿಸಿದ ಸಂಡಿಗೆಯಿಂದ. ನಾನಿಲ್ಲದಾಗ ಪಾರ್ಸೆಲ್ ಇಸಿದುಕೊಂಡಿದ್ದರು. ಸಂಜೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದರು. ಮೇಲೆ ಅಮ್ಮ ಕನ್ನಡದಲ್ಲೂ ವಿಳಾಸ ಗೀಚಿದ್ದಳು.

"ಕನ್ನಡದವರೇನ್ರಿ ನೀವು? ಅಕ್ಷರ ನೋಡಿ ಭಾಳ ಖುಷಿ ಆತು," ಎಂದರು. ಪಾರ್ಸೆಲ್ಲನ್ನು ಕೊಡಲಿಲ್ಲ, ಕೈಯಲ್ಲೇ ಒಮ್ಮೆ ಮೇಲೆ ಕೆಳಗೆ ಆಡಿಸಿದರು. "ಎರಡು ಕಿಲೋ ಅಂತ ಚೀಟಿ ಹಚ್ಯಾರ. ಐವತ್ತು ಗ್ರಾಂ ಕಮ್ಮಿ ಅದ ನೋಡ್ರಿ. ಇರ್ಲಿ, ತಾಯಿ ಕಟ್ಟಿದ್ದು, ಮಾಫ್."

ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ಫೋನು ಸುತರಾಂ ಆಗುತ್ತಿರಲಿಲ್ಲ. ಬೆಲ್ಲಿಗೆ ಒಂದು ಕೆಂಪು ಬಲ್ಬು ಕೂಡಿಸಿಕೊಂಡಿದ್ದರು, ಒತ್ತಿದರೆ ಒಳಗೆ ಅದು ಹತ್ತುತ್ತಿತ್ತು. ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹೊರಗೆ ತೆಲುಗು, ಹಿಂದಿ ಎರಡನ್ನೂ ನೀರು ಕುಡಿದಂತೆ ಆಡುತ್ತಿದ್ದ ಮನುಷ್ಯ, ಕನ್ನಡ ಆಡಲು ಮಾತ್ರ ನನ್ನ ಬಾಗಿಲಿಗೆ ಬರಬೇಕಿತ್ತು. ನಾನೋ, ಆಫೀಸಿನ ಕರೆಯಲ್ಲಿದ್ದೇನೆ ಎಂದು ಕಿವಿಯ ಕಡೆ ಬೆರಳು ತೋರಿಸಿ ಬಾಗಿಲು ಮುಂದಕ್ಕೆ ತಳ್ಳುತ್ತಿದ್ದೆ. ಎಷ್ಟೋ ಸಲ ಕರೆ ಇರುತ್ತಲೂ ಇರಲಿಲ್ಲ.

ಒಂದು ದಿನ ಪಕ್ಕದ ಬ್ಲಾಕಿನ ಒಬ್ಬರ ಕಂಪ್ಯೂಟರಿಗೆ ಯಾರೋ ಇಂಟರ್‌ನೆಟ್ಟಿನಲ್ಲೇ ನುಗ್ಗಿ ಬೀಗ ಜಡಿದು, ಅವರ ಫೋಟೊಗಳೆಲ್ಲ ಹೋದವು. ಮಾರನೆಯ ದಿನ ಸಾಹೇಬರು ಬಂದರು.

"ತಂಗಿ, ಫೈರ್‌ವಾಲ್ ಅಂತ ಒಂದು ಇರ್ತದಂತಲ್ಲ, ಅದರಾಗ ಚಲೋದು ಯಾವುದು? ನನ್ನ ಮಶೀನಿನ್ಯಾಗ ಕದಿಯುವಂಥಾದ್ದು ಏನೂ ಇಲ್ಲ ಖರೆ. ಆದ್ರ ಸಂಜಿ ಐದಕ್ಕ ಒಂದು ಆಟ ಅದ. ಅದು ಕೆಡಬಾರದು."

ನಾನು ಹೂಂ ಅಂದೆ. ಎಂಥ ಆಟ ಎಂದು ಕೇಳಲಿಲ್ಲ. ರಿಟೈರ್ ಆದವರು ಒಬ್ಬರೇ ಕೂತು ಇಸ್ಪೀಟು ಜೋಡಿಸುತ್ತಾರಲ್ಲ, ಅಂಥದ್ದಿರಬೇಕು ಅಂದುಕೊಂಡೆ.

ಫೈರ್‌ವಾಲ್ ಅಂದರೆ ಕಂಪ್ಯೂಟರಿನ ಬಾಗಿಲಲ್ಲಿ ಕೂತ ಕಾವಲುಗಾರ. ಹೊರಗಿನವರು ಒಳಗೆ ಬರುವಾಗ, ಒಳಗಿನದು ಹೊರಗೆ ಹೋಗುವಾಗ ತಡೆದು ನೋಡುವುದು ಅದರ ಕೆಲಸ. ಕಂಪ್ಯೂಟರಿನ ಜೊತೆಗೇ ಬಂದದ್ದು ಒಂದಿರುತ್ತದೆ. ಸಾಮಾನ್ಯರಿಗೆ ಅದೇ ಸಾಕು, ಸರಿಯಾಗಿ ಇಟ್ಟುಕೊಂಡರೆ. ಇದನ್ನೇ ಹೇಳಿ ನಾನು ಕೈ ತೊಳೆದುಕೊಳ್ಳಲು ನೋಡಿದೆ. ಸಾಹೇಬರು ಬಿಡಬೇಕಲ್ಲ.

"ಒಂದ ತಕ್ಕಡಿ ನೋಡಿ ಅದು ಸರಿ ಅದ ಅಂತ ಹ್ಯಾಂಗ ಹೇಳ್ತಿ? ಮೂರು ತರಿಸು. ಒಂದೊಂದಕ್ಕ ಮೂರು ಮೂರು ದಿನ ಕೊಡು. ಸುಳ್ಳು ತೂಕ ಇಟ್ಟು ನೋಡೋಣ."

ಹಾಗೇ ಆಯಿತು. ಮೂರು ದಿನ ಹಳೆಯದೇ, ಮೂರು ದಿನ ಇಂಟರ್‌ನೆಟ್ಟಿನಿಂದ ಇಳಿಸಿದ್ದೊಂದು, ಮೂರು ದಿನ ಇನ್ನೊಂದು. ಸುಳ್ಳು ತೂಕ ನಾನು. ನನ್ನ ಲ್ಯಾಪ್‌ಟಾಪಿನಿಂದ ಅವರ ಮಶೀನಿಗೆ ಕಳ್ಳಿಯ ಹಾಗೆ ನುಗ್ಗಲು ನೋಡಬೇಕು, ಅವರು ಪರದೆಯ ಮುಂದೆ ಕೂತು ಕಾವಲುಗಾರ ಎದ್ದನೋ ಇಲ್ಲವೋ ಬರೆದುಕೊಳ್ಳಬೇಕು. ಇನ್‌ಸ್ಪೆಕ್ಷನ್ನಿನ ಕಾಲದ ಉದ್ದನೆಯ ನೋಟ್‌ಬುಕ್ಕಿನಲ್ಲಿ ಅವರು ಬರೆದದ್ದು ಇಷ್ಟು: ಮೊದಲನೇದು, ಮೂಕ, ಕೆಲಸ ಸಾಫ್. ಎರಡನೇದು, ಬಾಯಿಬಡಕ, ಎಲ್ಲಾದಕ್ಕೂ ಕೇಳ್ತದ. ಮೂರನೇದು, ಶ್ಯಾಣ್ಯಾ, ತಾನ ಕಲೀತದ.

ಅವರಿಗೆ ಹಿಡಿಸಿದ್ದು ಬಾಯಿಬಡಕ. ಹೊಸದೇನೇ ಆದರೂ ಅದು ಒಂದು ಚೌಕ ತೋರಿಸಿ, ಬಿಡಲೋ ಬೇಡವೋ ಎಂದು ಕೇಳುತ್ತಿತ್ತು. ಕೇಳುವುದೇನೋ ಸರಿ, ಆದರೆ ಅದು ಕೇಳಿದ್ದೆಲ್ಲವನ್ನೂ ಇವರು ಒಂದು ಚೀಟಿಯಲ್ಲಿ ಇಂಗ್ಲಿಷ್ ಅಕ್ಷರ ಬಿಡಿಸಿ ಬರೆದುಕೊಂಡು ನನ್ನ ಬೆಲ್ ಒತ್ತುತ್ತಿದ್ದರು. "ಇಂವ ಯಾರೋ ಬಂದಾನ. ಬಿಡ್ಲೇನು?" ಪ್ರಿಂಟರಿನದು, ಗಡಿಯಾರ ಸರಿಮಾಡಿಕೊಳ್ಳುವುದರದು, ಕನ್ನಡ ಟೈಪ್ ಮಾಡುವುದರದು. ಒಂದೇ ದಿನ ಏಳು ಸಲ ಬಂದರು. ಏಳನೇ ಸಲ ನನಗೆ ತಲೆ ಕೆಟ್ಟುಹೋಯಿತು.

"ಸಾರ್, ಮೂರನೇದೇ ಹಾಕೋಣ. ಒಂದು ವಾರ ನೀವು ಏನೇನು ಮಾಡ್ತೀರೋ ಅದು ನೋಡ್ಕೊಳ್ಳುತ್ತೆ. ಆಮೇಲೆ ಅಷ್ಟಕ್ಕೆ ಮಾತ್ರ ದಾರಿ ಬಿಟ್ಟು ಉಳಿದದ್ದೆಲ್ಲ ಮುಚ್ಚಿಬಿಡುತ್ತೆ. ನಿಮ್ಮನ್ನ ಏನೂ ಕೇಳೋದೇ ಇಲ್ಲ."

ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. "ಕೇಳಲಾರದ ಮುಚ್ಚೋದು ಹ್ಯಾಂಗವ್ವಾ? ಅಂಗಡ್ಯಾವನ ಮಾತು ಕೇಳಲಾರದ ನಾ ಎಂದೂ ತಕ್ಕಡಿ ಜಪ್ತಿ ಮಾಡಿಲ್ಲ."

"ಅದೇ ಸೇಫ್ ಸಾರ್. ನಮ್ಮ ಆಫೀಸಲ್ಲೂ ಹೀಗೇ ಮಾಡೋದು."

"ನೀ ಅದೇ ಕಸುಬಿನಾಕಿ. ನೀ ಹೇಳಿದ ಮ್ಯಾಲೆ ಮುಗೀತು," ಎಂದು ನೋಟ್‌ಬುಕ್ಕಿನಲ್ಲಿ ಮೂರನೆಯದರ ಪಕ್ಕ ಒಂದು ದುಂಡನೆಯ ಗುರುತು ಹಾಕಿದರು. ಅದು ಅವರ ಮುದ್ರೆ. ನಾನು ಹೇಳಿದ್ದು ಸುಳ್ಳಲ್ಲ. ಆದರೆ ಅದನ್ನು ಆರಿಸಿದ್ದು ಅವರ ಕಂಪ್ಯೂಟರಿನ ಕ್ಷೇಮಕ್ಕಲ್ಲ, ನನ್ನ ಬೆಲ್ ಸುಮ್ಮನಿರಲಿ ಎಂದು. ಬೆಲ್ ಸುಮ್ಮನಾಯಿತು. ಮೂರು ವಾರ ನಾನು ಆರಾಮಾಗಿದ್ದೆ.

ಆಮೇಲೊಂದು ದಿನ ಸಂಜೆ ಹಾಲು ತರಲು ಇಳಿದೆ. ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಸಾಹೇಬರು ಕೂತಿದ್ದರು. ಹತ್ತು ಹೆಜ್ಜೆ ಆಚೆ ಗಾಡಿಯವಳು ಬೆಂಡೆಕಾಯಿ ತೂಗುತ್ತಿದ್ದಳು, ಮುಳ್ಳು ಮಧ್ಯಕ್ಕೆ ಬರುವ ಮೊದಲೇ ತಟ್ಟೆ ಎತ್ತಿಬಿಟ್ಟಳು. ಸಾಹೇಬರು ಅತ್ತ ನೋಡಲಿಲ್ಲ. ಅವಳೇ ಇವರ ಮುಖ ನೋಡಿ, ಏನನ್ನಿಸಿತೋ, ಎರಡು ಬೆಂಡೆಕಾಯಿ ಸೇರಿಸಿದಳು. ಆಗ ಐದೂಕಾಲು.

ಎದುರಿಗೆ ಹೋಗಿ ಕೂತೆ. "ಏನ್ ಸಾರ್, ಆಟ ಇಲ್ವಾ ಇವತ್ತು?"

"ಅಂವ ಬರವಲ್ಲ," ಎಂದರು.

"ಯಾರು?"

ಆಗ ಹೇಳಿದರು. ಬೀದರಿನಲ್ಲಿ ಅವರಿಗೊಬ್ಬ ಗೆಳೆಯ. ಓದುವ ಕಾಲಕ್ಕೆ ಇಬ್ಬರೂ ಹಿಮಾಯತ್‌ನಗರದ ಒಂದು ಹಾಸ್ಟೆಲಿನಲ್ಲಿದ್ದವರು. ಇವರ ಕೋಣೆ ಮೇಲೆ, ಅವರದು ಕೆಳಗೆ. ದಿನಾ ಸಂಜೆ ಐದಕ್ಕೆ ಶತರಂಜ್, ಅಂದರೆ ಚದುರಂಗ. ಅದಕ್ಕೊಂದು ಕಾಯಿದೆ ಇತ್ತು. ಇವತ್ತು ಸೋತವನು ನಾಳೆ ತಾನೇ ಮೆಟ್ಟಿಲು ಹತ್ತಿ ಅಥವಾ ಇಳಿದು ಗೆದ್ದವನ ಬಾಗಿಲಿಗೆ ಬರಬೇಕು. ಗೆದ್ದವನು ಕರೆಯಬಾರದು. ಕರೆದರೆ ಅದು ಹಂಗಿಸಿದ ಹಾಗೆ. ಕಿವಿ ಹೋಗಿ ಫೋನ್ ನಿಂತ ಮೇಲೆ ಗೆಳೆಯನ ಅಣ್ಣನ ಮಗಳು ಇಬ್ಬರ ಕಂಪ್ಯೂಟರಿಗೂ ಒಂದು ಪುಟ್ಟ ಆಟ ಹಾಕಿಕೊಟ್ಟಿದ್ದಳು. ಯಾವ ವೆಬ್‌ಸೈಟೂ ಇಲ್ಲ, ಸೋತವನ ಮಶೀನು ನೆಟ್ಟಗೆ ಗೆದ್ದವನ ಮಶೀನಿನ ಬಾಗಿಲು ತಟ್ಟಬೇಕು. ಮಣೆಯ ಕೆಳಗೆ ಒಂದು ಸಾಲು, ಅಲ್ಲಿ ಬರೆದು ಬೈದಾಡಬಹುದು. ಸಾಹೇಬರು ದಿನಕ್ಕೊಮ್ಮೆ ಕನ್ನಡ ಆಡುತ್ತಿದ್ದುದು ಆ ಸಾಲಿನಲ್ಲಿ.

"ಕಡೀ ಆಟ ಅಂವ ಸೋತ. ಅಣ್ಣನ ಮಗಳ ಲಗ್ನ ಅದ, ವಾರ ಬಿಟ್ಟು ಬರ್ತೀನಿ ಅಂದ. ವಾರ ಆತು, ಎರಡು ವಾರನೂ ಆತು. ಸೋತದ್ದು ಮನಸ್ಸಿಗೆ ಹಚ್ಚಿಕೊಂಡಾನ. ನಾ ಹ್ಯಾಂಗ ಕರೀಲಿ? ಕಾಯಿದೆ ಅದ."

ನಾನು ಬೆರಳು ಮಡಿಚಿ ದಿನ ಲೆಕ್ಕ ಹಾಕಿದೆ. ಮದುವೆಯ ಆ ಒಂದು ವಾರವೇ ನನ್ನ ಶ್ಯಾಣ್ಯಾ ಕಾವಲುಗಾರ ನೋಡಿ ಕಲಿತ ವಾರ. ಆ ವಾರ ಬೀದರಿನಿಂದ ಯಾರೂ ಬರಲಿಲ್ಲ. ಹಾಗಾಗಿ ಅದು ಬೀದರಿನವರು ಯಾರೂ ಬೇಡ ಎಂದು ಕಲಿಯಿತು.

ಅವರನ್ನು ಕರೆದುಕೊಂಡು ಮೇಲೆ ಹೋಗಿ ಅವರ ಮಶೀನು ತೆರೆದೆ. ತಡೆದವರದೆಲ್ಲ ಪಟ್ಟಿ ಇಟ್ಟಿರುತ್ತದೆ ಫೈರ್‌ವಾಲ್. ದಿನಕ್ಕೆ ಅಂಥ ನೂರು ಪಟ್ಟಿ ಓದುವುದು ನನ್ನ ಕೆಲಸ, ಇದನ್ನು ಮಾತ್ರ ಎರಡು ಸಲ ಓದಿದೆ. ಮದುವೆಯ ವಾರ ಮುಗಿದ ಮರುದಿನ, ಸಂಜೆ ಐದು ಗಂಟೆಗೆ ಬೀದರಿನ ಮಶೀನು ಬಂದಿದೆ. ತಡೆಯಲಾಗಿದೆ. ಐದೂ ಹತ್ತಕ್ಕೆ ಬಂದಿದೆ, ತಡೆಯಲಾಗಿದೆ. ಐದೂ ಇಪ್ಪತ್ತಕ್ಕೆ. ಹೀಗೆ ಆರರವರೆಗೆ. ಮಾರನೆಯ ದಿನ ಮತ್ತೆ ಐದಕ್ಕೆ. ಒಟ್ಟು ಒಂಬತ್ತು ಸಂಜೆ. ಆಮೇಲೆ ಐದು ದಿನದಿಂದ ಏನೂ ಇಲ್ಲ.

ಸಾಹೇಬರು ಪರದೆಯ ಮೇಲೆ ಬೆರಳಿಟ್ಟು ಸಾಲು ಸಾಲು ಎಣಿಸಿದರು.

"ನನ್ನ ತಪ್ಪು ಸಾರ್," ಎಂದೆ. ಅವರು ಪರದೆ ನೋಡುತ್ತಿದ್ದರು, ಗೊತ್ತಾಗಲಿಲ್ಲ. ಕುರ್ಚಿ ಸುತ್ತಿ ಹೋಗಿ ಮುಖದೆದುರು ನಿಂತು ಇನ್ನೊಮ್ಮೆ ಹೇಳಬೇಕಾಯಿತು. ಒಂದು ಸಲ ಹೇಳುವುದೇ ಕಷ್ಟವಾಗಿತ್ತು.

"ಒಂಬತ್ತು ದಿನ ಬಂದಾನ," ಎಂದರು. ಅಷ್ಟೇ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಪಟ್ಟಿಯನ್ನು ಪ್ರಿಂಟ್ ಮಾಡಿಸಿಕೊಂಡರು. ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟು, ಬೀದರ್ ಬಸ್ಸು ಹತ್ತಿದರು. ನಾನೂ ಬರುತ್ತೇನೆ ಎಂದೆ. "ಗೆದ್ದಾಂವ ನಾ. ಕಾಯಿದೆ ನಾ ಮುರೀಲಾಕತ್ತೀನಿ. ಸಾಕ್ಷಿ ಬ್ಯಾಡ," ಎಂದರು. ಆ ಮೂರು ದಿನ ಬೆಳಿಗ್ಗೆ ಸಂಜೆ ಬಾಗಿಲು ತೆರೆದು ಎದುರಿನ ಬೀಗ ನೋಡುತ್ತಿದ್ದೆ. ಐದು ದಿನದಿಂದ ತಟ್ಟದೇ ಇರುವ ಮನುಷ್ಯನಿಗೆ ಏನಾಗಿದೆಯೋ ಯಾರಿಗೆ ಗೊತ್ತು.

ಏನೂ ಆಗಿರಲಿಲ್ಲ, ಸಿಟ್ಟು ಬಂದಿತ್ತು. ವಾಪಸ್ ಬಂದ ಸಾಹೇಬರು ನನ್ನ ಬೆಲ್ ಒತ್ತಿ, ನಿಂತಲ್ಲೇ ಕತೆ ಹೇಳಿದರು. ಗೆಳೆಯರು ಬಾಗಿಲು ತೆರೆದವರೇ ಮುಖ ತಿರುಗಿಸಿದರು. ಇವರು ಕಾಗದ ಕೊಟ್ಟರು. ಅವರು ಕನ್ನಡಕ ಹಾಕಿಕೊಂಡು ಒಂಬತ್ತು ದಿನದ್ದನ್ನೂ ಓದಿ, ಹಾಳೆ ತಿರುಗಿಸಿ ನೋಡಿ ಕೇಳಿದ್ದು ಒಂದೇ: "ಇದಕ್ಕ ಮುದ್ರಿ ಎಲ್ಲದ?"

ಹೇಳುತ್ತಾ ಸಾಹೇಬರು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. "ಇಷ್ಟು ವಯಸ್ಸಾದ ಮ್ಯಾಲೆ ತಾರಿನ್ಯಾಗ ಯಾಕ ಆಡಬೇಕು ಅಂದ. ಅವನ ಓಣ್ಯಾಗ ಒಂದು ಖೋಲಿ ಖಾಲಿ ಅದ. ಹೋಗಿಬಿಡ್ತೀನಿ ತಂಗಿ."

ತಿಂಗಳಲ್ಲಿ ಮನೆ ಖಾಲಿ ಮಾಡಿದರು. ಸಾಮಾನು ಹೋಗುವ ಹಿಂದಿನ ದಿನ ನನ್ನನ್ನು ಕೂರಿಸಿಕೊಂಡು ಮರದ ಮಣೆಯ ಮೇಲೆ ಒಂದು ಆಟ ಆಡಿದರು. ನನಗೆ ಕುದುರೆ ಹೇಗೆ ಹೋಗುತ್ತದೆಂಬುದೇ ಸರಿಯಾಗಿ ಗೊತ್ತಿಲ್ಲ, ಇಪ್ಪತ್ತು ನಿಮಿಷಕ್ಕೆ ಸೋತೆ. ಆಮೇಲೆ ಅವರ ಆಟವನ್ನು ನನ್ನ ಲ್ಯಾಪ್‌ಟಾಪಿಗೂ ಹಾಕಿಸಿ, ಅವರ ಫೈರ್‌ವಾಲಿನಲ್ಲಿ ನನ್ನ ಹೆಸರಿಗೊಂದು ದಾರಿ ತೆರೆಸಿದರು. ನಾನು ತೆರೆದದ್ದನ್ನು ಎರಡು ಸಲ ಪರೀಕ್ಷೆ ಮಾಡಿ ನೋಡಿದರು. ಈ ಸಲ ಏನೂ ತಪ್ಪಿರಲಿಲ್ಲ.

"ಅವನ ಜೋಡಿ ಮುಂಜಾನಿ ಆಡ್ತೀನಿ. ಐದು ಗಂಟೆ ನಿಂದು. ಸೋತಾಕಿ ನೀ, ಮೊದಲು ನೀನ ಬರಬೇಕು. ಗೊತ್ತದಲ್ಲ?"

"ನಾಡಿದ್ದೇ ಬರ್ತೀನಿ ಸಾರ್," ಎಂದೆ.

ನಾಡಿದ್ದು ಐದಕ್ಕೆ ಒಂದು ಮೀಟಿಂಗ್ ಇತ್ತು. ಅದರ ಮರುದಿನವೂ ಇತ್ತು. ಆಮೇಲೆ ಇರಲಿಲ್ಲ, ಆದರೆ ಇಷ್ಟು ದಿನ ಹೋಗದವಳು ಈಗ ಏನೆಂದು ಹೋಗುವುದು ಎಂಬ ಸಂಕೋಚ ಇತ್ತು. ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಐದು ಗಂಟೆ ಕಂಡಾಗೆಲ್ಲ ನೆನಪಾಗುತ್ತಿತ್ತು. ಈ ಭಾನುವಾರ ಖಂಡಿತ ಎಂದುಕೊಳ್ಳುತ್ತಿದ್ದೆ. ಎದುರು ಮನೆಗೆ ಬೇರೆ ಯಾರೋ ಬಂದರು, ಅವರ ಹೆಸರು ಇವತ್ತಿಗೂ ಗೊತ್ತಿಲ್ಲ. ಮನೆಯಲ್ಲಿ ಕೂತು ಕೆಲಸ ಮಾಡುವ ದಿನ ಬೆಳಗಿನಿಂದ ಸಂಜೆಯವರೆಗೆ ನನ್ನ ಬಾಯಿಂದ ಒಂದು ಕನ್ನಡ ಮಾತು ಹೊರಡದ ದಿನಗಳಿದ್ದವು. ಬಾಗಿಲಿಗೆ ಯಾರೂ ಚೀಟಿ ಹಿಡಿದು ಬರುತ್ತಿರಲಿಲ್ಲ. ಬೆಲ್ ಆಗಲಿ ಎಂದು ನಾನು ಕಾದದ್ದುಂಟು. ಹೀಗೆ ಎಂಟು ತಿಂಗಳು ಹೋಯಿತು.

ಹೋದ ತಿಂಗಳು ಗೊತ್ತಿಲ್ಲದ ನಂಬರಿನಿಂದ ಫೋನು. ಬೀದರಿನ ಗೆಳೆಯರು. ನೋಟ್‌ಬುಕ್ಕಿನಲ್ಲಿ ನನ್ನ ನಂಬರ್ ಸಿಕ್ಕಿತಂತೆ. "ಸಾಹೇಬ್ರು ಹ್ವಾದ್ರು ರೀ. ಊಟ ಮಾಡಿ ಮಲಗಿದ್ರು, ಏಳಲಿಲ್ಲ. ಮೂರು ದಿನ ಆತು."

ಆ ಶನಿವಾರ ಬಸ್ಸು ಹತ್ತಿದೆ. ಸಾಹೇಬರದು ಒಂದೇ ಖೋಲಿ, ಗೋಡೆಗೆ ಒತ್ತಿದ ಮೇಜು, ಅದರ ಮೇಲೆ ಅದೇ ಕಂಪ್ಯೂಟರ್, ಮೇಲೆ ಧೂಳು ಬೀಳದಂತೆ ಅವರದೇ ಟವೆಲು. ಗೆಳೆಯರು ತೆಳ್ಳಗಿನ ಮನುಷ್ಯ. ಚಹಾ ತಂದಿಟ್ಟು ಎದುರಿಗೆ ಕೂತರು.

"ದಿನಾ ಸಂಜಿ ನಾಕೂವರಿಗೆ ನನ್ನ ಮನಿಯಿಂದ ಎದ್ದು ಇಲ್ಲಿಗೆ ಬಂದುಬಿಡ್ತಿದ್ದ. ಮಶೀನ್ ಚಾಲೂ ಮಾಡಿ ಆರರ ತನಕ ಕೂಡಾಂವ. ಹುಡುಗಿ ಬರ್ತಾಳ, ಕೆಲಸ ಭಾಳ ಇರ್ತದ ಅಕಿಗೆ, ಅಂತಿದ್ದ. ನಾ ಅಂದೆ, ನೀ ಫೋನಿನ್ಯಾಗ ಮಾತಾಡಲಾರಿ, ನಾ ಹಚ್ಚಿ ಕೇಳ್ತೀನಿ. ಬ್ಯಾಡ ಅಂದ. ಗೆದ್ದಾಂವ ಕರೀಬಾರದು ಅಂದ. ಒಮ್ಮೆ ಮುರಿದದ್ದು ನಿನ್ನ ಸಲುವಾಗಿ, ಮತ್ತ ಮುರಿಯಾಂಗಿಲ್ಲ ಅಂದ."

ನಾನು ಮಶೀನು ಹಚ್ಚಿದೆ. ಫೈರ್‌ವಾಲ್ ತೆರೆದೆ. ಯಾಕೆ ತೆರೆದೆ ಎಂದು ನನಗೆ ಗೊತ್ತು. ಅದೇನಾದರೂ ಇನ್ನೊಮ್ಮೆ ಕೆಟ್ಟಿರಬಹುದು, ದಾರಿ ಮುಚ್ಚಿಕೊಂಡಿರಬಹುದು, ನನಗೂ ತೋರಿಸಲು ಒಂದು ನೆಪ ಸಿಗಬಹುದು ಎಂಬ ಆಸೆ. ದಾರಿ ತೆರೆದೇ ಇತ್ತು. ನನ್ನ ಹೆಸರಿನ ಮುಂದೆ ಒಂದು ಸಾಲೂ ಇರಲಿಲ್ಲ. ಎಂಟು ತಿಂಗಳ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿದೆ. ಈ ಕಂಪ್ಯೂಟರ್ ನನ್ನನ್ನು ಒಂದು ದಿನವೂ ತಡೆದಿರಲಿಲ್ಲ.

ಗೆಳೆಯರು ಹಿಂದೆ ಬಂದು ನಿಂತಿದ್ದರು. "ಈ ಮಶೀನ್ ನನಗ ಬಿಟ್ಟಾನ. ನಿಮ್ಮ ದಾರಿ ಇನ್ನ ಮುಚ್ಚಿಬಿಡಬೇಕಲ್ರೀ? ಸುಮ್ಮನ ತೆರೆದಿಟ್ರ ಕಳ್ಳರು ಬರ್ತಾರಂತ ಅವನ ಹೇಳ್ತಿದ್ದ."

ಸರಿಯಾದ ಮಾತು. ಬಳಸದ ದಾರಿ ಮುಚ್ಚಬೇಕು ಎಂದು ಹೊಸದಾಗಿ ಸೇರಿದವರಿಗೆ ಮೊದಲ ದಿನ ಹೇಳಿಕೊಡುವವಳು ನಾನೇ. ಮುಚ್ಚಲು ಒಂದು ಗುಂಡಿ ಒತ್ತಿದರಾಯಿತು. ಒತ್ತಲು ಕೈ ಬರಲಿಲ್ಲ.

"ನಾಳೆ ಐದಕ್ಕೆ ನಾನು ಬಂದರೆ," ಎಂದೆ, "ನೀವು ಇರ್ತೀರಾ?"

ಅವರು ಟವೆಲು ಮಡಿಚುತ್ತಾ ನನ್ನ ಮುಖ ನೋಡಿದರು. ನಗಲಿಲ್ಲ.

"ನಾ ಕರೆಯಾಂಗಿಲ್ರೀ," ಎಂದರು. "ಸೋತಾವರು ನೀವು."